ಬೋರ್ಡ್ ಸತ್ತಿಲ್ಲ, ಮಾತಾಡ್ತಿಲ್ಲ ಅಷ್ಟೇ: ಆರ್ಮ್ ಕರ್ನಲ್‌ನ ಡೀಬಗ್ ಆಯ್ಕೆಗಳು

ಈ ಸಲ ನಾವು ಬರೀತಿರೋದು ಅರ್ಧ ಪಾಠ, ಅರ್ಧ ತಪ್ಪೊಪ್ಪಿಗೆ. ನಾವು ನಾಲ್ಕು ಜನ, ಎರಡನೇ ವರ್ಷದವರು. ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ಟೆಕ್ನಿಕಲ್ ವಿಷಯ ಬರೆಯೋದು ನಮಗೂ ಹೊಸದು. ತಪ್ಪಿದ್ರೆ ತಿದ್ದಿ. ಆದ್ರೆ ಒಂದು ಮಾತು ನಿಜ: ಈ ವಿಷಯ ನಮಗೆ ಅರ್ಥ ಆಗಿದ್ದೇ ರಾತ್ರಿ ಹಾಸ್ಟೆಲ್ ರೂಮಲ್ಲಿ ಕನ್ನಡದಲ್ಲಿ ಜಗಳ ಆಡ್ತಾ.

ವಿಷಯ ಏನು ಅಂದ್ರೆ, ಆರ್ಮ್ ಪ್ರೊಸೆಸರ್ ಇರೋ ಒಂದು ಸಣ್ಣ ಬೋರ್ಡ್‌ಗೆ ಲಿನಕ್ಸ್ ಕರ್ನಲ್ ಕಂಪೈಲ್ ಮಾಡುವಾಗ ಯಾವ ಡೀಬಗ್ ಆಯ್ಕೆಗಳನ್ನ ಆನ್ ಮಾಡ್ಬೇಕು, ಯಾಕೆ, ಯಾವಾಗ ಆಫ್ ಮಾಡ್ಬೇಕು ಅನ್ನೋದು. ನಮ್ಮ ಉದಾಹರಣೆ ಬೀಗಲ್‌ಬೋನ್ ಬ್ಲ್ಯಾಕ್. 2013ರಲ್ಲಿ ಬಂದ ಬೋರ್ಡ್ ಅದು. ಒಂದೇ ಕೋರ್‌ನ ಕಾರ್ಟೆಕ್ಸ್ ಎ8, 1 ಗಿಗಾಹರ್ಟ್ಸ್, 512 ಎಂಬಿ ರ‍್ಯಾಮ್. ಹಳೇದು, ಆದ್ರೆ ಕಲಿಯೋಕೆ ಈಗಲೂ ಒಳ್ಳೇದು.

ಆ ಬುಧವಾರ ರಾತ್ರಿ

ಬೋರ್ಡ್ ನಮ್ಮದಲ್ಲ. ಫೈನಲ್ ಇಯರ್‌ನ ಒಬ್ಬ ಅಕ್ಕ ಕೊಟ್ಟಿದ್ರು. "ಸೋಮವಾರ ನನ್ನ ಪ್ರಾಜೆಕ್ಟ್ ರಿವ್ಯೂ ಇದೆ ಕಣ್ರೋ, ಭಾನುವಾರ ವಾಪಸ್ ಬೇಕು" ಅಂತ ಹೇಳಿಯೇ ಕೊಟ್ಟಿದ್ರು. ನಮ್ಮ ಮಿನಿ ಪ್ರಾಜೆಕ್ಟ್ ಸಿಂಪಲ್: ಒಂದು ಬಟನ್ ಒತ್ತಿದ್ರೆ ಇಂಟರಪ್ಟ್ ಬಂದು ನಮ್ಮದೇ ಡ್ರೈವರ್ ಅದನ್ನ ಎಣಿಸ್ಬೇಕು. ಜೊತೆಗೆ ಬೋರ್ಡ್ ಬೇಗ ಬೂಟ್ ಆಗಲಿ ಅಂತ ಕರ್ನಲ್ ಚಿಕ್ಕದು ಮಾಡೋಕೆ ಹೊರಟ್ವಿ. ಮೆನುಕಾನ್ಫಿಗ್ ತೆಗೆದು ಡಿವೈಸ್ ಡ್ರೈವರ್‌ಗಳ ಪಟ್ಟಿಯಲ್ಲಿ ಸಿಕ್ಕಿದ್ದಕ್ಕೆಲ್ಲ "ಎಂ" ಒತ್ತಿದ್ವಿ. ಎಂ ಅಂದ್ರೆ ಮಾಡ್ಯೂಲ್. ಕರ್ನಲ್ ಒಳಗೆ ಇರಲ್ಲ, ಆಮೇಲೆ ಬೇಕಾದಾಗ ಲೋಡ್ ಆಗುತ್ತೆ. ಒಳ್ಳೇ ಐಡಿಯಾ ಅನ್ನಿಸ್ತು. ಹೊಸ ಇಮೇಜನ್ನ ಎಸ್‌ಡಿ ಕಾರ್ಡ್‌ನಲ್ಲಿದ್ದ ಹಳೇದರ ಮೇಲೇ ಕಾಪಿ ಮಾಡಿದ್ವಿ. ಬ್ಯಾಕಪ್? ಇಲ್ಲ.

ಪವರ್ ಕೊಟ್ವಿ. ಯು-ಬೂಟ್ ಬಂತು, ಕರ್ನಲ್ ಲೋಡ್ ಮಾಡ್ತು, "ಸ್ಟಾರ್ಟಿಂಗ್ ಕರ್ನಲ್" ಅಂತ ಒಂದು ಸಾಲು, ಮುಂದೆ ಮೂರು ಚುಕ್ಕಿ. ಅಷ್ಟೇ. ಆಮೇಲೆ ಏನೂ ಇಲ್ಲ. ಯಾವಾಗಲೂ ಮಿನುಗೋ ನೀಲಿ ಎಲ್‌ಇಡಿಯೂ ಮಿನುಗ್ತಿಲ್ಲ.

ಅದೇ ಸಂಜೆ ನಮ್ಮಲ್ಲೊಬ್ಬ ಜಂಪರ್ ವೈರನ್ನ ತಪ್ಪು ಪಿನ್‌ಗೆ ಚುಚ್ಚಿ ತಕ್ಷಣ ತೆಗೆದಿದ್ದ. ಹಾಗಾಗಿ ನಾವೆಲ್ಲ ಒಂದೇ ತೀರ್ಮಾನಕ್ಕೆ ಬಂದ್ವಿ: ಬೋರ್ಡ್ ಸುಟ್ಟು ಹೋಯ್ತು. ಗುರುವಾರ ಪೂರ್ತಿ ಹೊಸ ಬೋರ್ಡ್ ರೇಟ್ ನೋಡೋದ್ರಲ್ಲೇ ಹೋಯ್ತು. ಒಬ್ಬೊಬ್ಬರು ಎಷ್ಟು ಹಾಕ್ಬೇಕು ಅಂತ ಲೆಕ್ಕ ಆಯ್ತು, ಒಬ್ಬ ಮೆಸ್ ಬಿಲ್‌ಗೆ ಅಂತ ಮನೆಯಿಂದ ಬಂದ ದುಡ್ಡನ್ನೇ ತೆಗೆದಿಟ್ಟ. ತಪ್ಪು ಪಿನ್ ಚುಚ್ಚಿದವನ ಜೊತೆ ಇಬ್ಬರು ಮಾತೇ ಬಿಟ್ರು.

ಶುಕ್ರವಾರ ಧೈರ್ಯ ಮಾಡಿ ಅಕ್ಕನ ಹತ್ರ ಹೋಗಿ ಎಲ್ಲ ಹೇಳಿದ್ವಿ. ಅವರು ಬೈಯಲಿಲ್ಲ. ಸ್ಕ್ರೀನ್ ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಯು-ಬೂಟ್ ಮಾತಾಡ್ತಿದೆ ಅಂದ್ಮೇಲೆ ಬೋರ್ಡ್ ಹೇಗ್ರೋ ಸತ್ತಿರುತ್ತೆ?"

ಯೋಚಿಸಿ ನೋಡಿ. ಯು-ಬೂಟ್ ಓಡಿದೆ ಅಂದ್ರೆ ಪ್ರೊಸೆಸರ್ ಸರಿ ಇದೆ. ಎಸ್‌ಡಿ ಕಾರ್ಡ್‌ನಿಂದ ಫೈಲ್ ಓದಿ ರ‍್ಯಾಮ್‌ಗೆ ಹಾಕಿದೆ, ಅಂದ್ರೆ ಅವೆರಡೂ ಸರಿ ಇವೆ. ಸೀರಿಯಲ್ ಕೇಬಲ್‌ನಲ್ಲಿ ಅಕ್ಷರ ಬಂದಿದೆ, ಅಂದ್ರೆ ಯುಆರ್ಟ್ ಸರಿ ಇದೆ. ಹಳೇ ಇಮೇಜ್ ಹಾಕಿ ನೋಡಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು. ನಮಗದು ಹೊಳೀಲೇ ಇಲ್ಲ.

ಕರ್ನಲ್ ಯಾಕೆ ಮೌನವಾಗಿರುತ್ತೆ?

ಕರ್ನಲ್ ಒಳಗೆ ಸಂದೇಶ ಬರೆಯೋ ಫಂಕ್ಷನ್ ಪ್ರಿಂಟ್‌ಕೆ. ಅದು ಬರೆದಿದ್ದು ನೇರವಾಗಿ ಸ್ಕ್ರೀನ್‌ಗೆ ಹೋಗಲ್ಲ. ಮೊದಲು ರ‍್ಯಾಮ್‌ನಲ್ಲಿರೋ ಲಾಗ್ ಬಫರ್‌ಗೆ ಹೋಗುತ್ತೆ. ಆಮೇಲೆ ಯಾವುದಾದ್ರೂ ಕನ್ಸೋಲ್ "ನಾನಿದ್ದೀನಿ" ಅಂತ ರಿಜಿಸ್ಟರ್ ಆದ್ಮೇಲೆ, ಬಫರ್‌ನಲ್ಲಿ ಅಲ್ಲಿವರೆಗೆ ಸೇರಿದ್ದೆಲ್ಲ ಒಟ್ಟಿಗೆ ಹೊರಗೆ ಬರುತ್ತೆ. ನಾವು ನೋಡೋ ಬೂಟ್ ಲಾಗ್‌ನ ಮೊದಲ ಸಾಲುಗಳು ನಿಜವಾಗಿ ಹುಟ್ಟಿದ್ದು ಮೊದಲೇ, ನಮಗೆ ಕಾಣಿಸಿದ್ದು ತಡವಾಗಿ.

ಹಾಗಾಗಿ ಮೌನಕ್ಕೆ ಎರಡು ಅರ್ಥ ಇರಬಹುದು. ಒಂದು, ಕರ್ನಲ್ ಶುರುವಿನಲ್ಲೇ ನಿಂತಿದೆ. ಎರಡು, ಕರ್ನಲ್ ಚೆನ್ನಾಗಿ ಓಡ್ತಿದೆ, ಹೇಳೋಕೆ ಬಾಯಿ ಇಲ್ಲ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ. ಇವೆರಡನ್ನ ಬೇರೆ ಮಾಡಿ ತೋರಿಸೋದೇ ನಾವು ಮೊದಲು ನೋಡೋ ಆಯ್ಕೆಗಳ ಕೆಲಸ.

ಆಯ್ಕೆಗಳು ಎಲ್ಲಿವೆ?

ಮೊದಲು ಒಂದು ಸೂಚನೆ. ಆಯ್ಕೆಗಳ ಹೆಸರನ್ನ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೀವಿ. ಸ್ಕ್ರೀನ್ ಮೇಲೆ ಅವು ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತೆ, ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತೆ. ಫೈಲ್‌ನಲ್ಲಿ ಎಲ್ಲದರ ಮುಂದೆ "ಕಾನ್ಫಿಗ್" ಅಂತ ಸೇರಿರುತ್ತೆ.

ಕರ್ನಲ್ ಸೋರ್ಸ್‌ನಲ್ಲಿ ಡೀಬಗ್ ಆಯ್ಕೆಗಳು ಮುಖ್ಯವಾಗಿ ಎರಡು ಕಡೆ ಇವೆ. ಎಲ್ಲ ಪ್ರೊಸೆಸರ್‌ಗೂ ಅನ್ವಯಿಸೋವು ಲಿಬ್ ಫೋಲ್ಡರ್‌ನ ಕೆ-ಕಾನ್ಫಿಗ್ ಡೀಬಗ್ ಫೈಲ್‌ನಲ್ಲಿ. ಆರ್ಮ್‌ಗೆ ಮಾತ್ರ ಸೇರಿದವು ಆರ್ಚ್ ಫೋಲ್ಡರ್‌ನೊಳಗಿನ ಆರ್ಮ್ ಫೋಲ್ಡರ್‌ನಲ್ಲಿ, ಅದೇ ಹೆಸರಿನ ಫೈಲ್‌ನಲ್ಲಿ. ಮೆನುಕಾನ್ಫಿಗ್‌ನಲ್ಲಿ ಎರಡೂ ಕೊನೆಯ ಮೆನು "ಕರ್ನಲ್ ಹ್ಯಾಕಿಂಗ್" ಒಳಗೆ ಸಿಗುತ್ತೆ. ಆರ್ಮ್‌ದು ಅದರೊಳಗೆ "ಆರ್ಮ್ ಡೀಬಗ್ಗಿಂಗ್" ಅಂತ ಬೇರೆ ಉಪಮೆನು.

ಮೆನುಕಾನ್ಫಿಗ್ ತೆರೆಯುವಾಗ ಆರ್ಚ್ ಅನ್ನೋ ವೇರಿಯೇಬಲ್‌ಗೆ ಆರ್ಮ್ ಅಂತ ಕೊಡೋದು ಮರೀಬೇಡಿ. ಕೊಡದಿದ್ರೆ ಅದು ನಿಮ್ಮ ಲ್ಯಾಪ್‌ಟಾಪ್‌ನ ಪ್ರೊಸೆಸರ್‌ಗೆ ಮೆನು ತೋರಿಸುತ್ತೆ, ಆರ್ಮ್ ಆಯ್ಕೆಗಳು ಎಷ್ಟು ಹುಡುಕಿದ್ರೂ ಸಿಗಲ್ಲ. ಓರೆಗೆರೆ ಕೀ ಒತ್ತಿದ್ರೆ ಹುಡುಕೋ ಬಾಕ್ಸ್ ಬರುತ್ತೆ. ಆಯ್ಕೆಯ ಹೆಸರು ಹಾಕಿದ್ರೆ ಅದು ಎಲ್ಲಿದೆ, ಯಾವುದರ ಮೇಲೆ ಅವಲಂಬಿಸಿದೆ ಅಂತ ಹೇಳುತ್ತೆ.

ಈ ಅವಲಂಬನೆ ತುಂಬಾ ಮುಖ್ಯ. ಕಾನ್ಫಿಗ್ ಫೈಲನ್ನ ಕೈಯಾರೆ ಎಡಿಟ್ ಮಾಡಿ ಒಂದು ಆಯ್ಕೆಗೆ "ವೈ" ಹಾಕಿದ್ರಿ ಅಂದ್ಕೊಳ್ಳಿ. ಅದಕ್ಕೆ ಬೇಕಾದ ಇನ್ನೊಂದು ಆಯ್ಕೆ ಆನ್ ಇಲ್ಲದಿದ್ರೆ, ಮುಂದಿನ ಬಿಲ್ಡ್‌ನಲ್ಲಿ ನಿಮ್ಮ ಸಾಲು ಸದ್ದಿಲ್ಲದೆ ಮಾಯ ಆಗುತ್ತೆ. ಹಾಗಾಗಿ ಬಿಲ್ಡ್ ಆದ್ಮೇಲೆ ಗ್ರೆಪ್ ಮಾಡಿ ಆಯ್ಕೆ ಉಳಿದಿದೆಯಾ ನೋಡಿ. ಎಲ್ಲಕ್ಕೂ ತಾಯಿ "ಡೀಬಗ್ ಕರ್ನಲ್". ಅದು ತಾನಾಗಿ ದೊಡ್ಡದೇನೂ ಮಾಡಲ್ಲ, ಅದರ ಕೆಳಗಿರೋ ಉಳಿದ ಆಯ್ಕೆಗಳ ಬಾಗಿಲು ತೆಗೆಯುತ್ತೆ.

ಮೊದಲ ಬಾಯಿ: ಡೀಬಗ್ ಎಲ್‌ಎಲ್

ಎಲ್‌ಎಲ್ ಅಂದ್ರೆ ಲೋ ಲೆವೆಲ್. ಡ್ರೈವರ್ ಬೇಡ, ಕನ್ಸೋಲ್ ಬೇಡ. ಯುಆರ್ಟ್‌ನ ರಿಜಿಸ್ಟರ್‌ಗೆ ನೇರವಾಗಿ ಒಂದೊಂದೇ ಅಕ್ಷರ ತಳ್ಳೋ ಸಣ್ಣ ಅಸೆಂಬ್ಲಿ ಕೋಡ್ ಅದು. ಯು-ಬೂಟ್ ಮೊದಲೇ ಯುಆರ್ಟ್‌ನ ಸ್ಪೀಡ್, ಕ್ಲಾಕ್ ಎಲ್ಲ ಸೆಟ್ ಮಾಡಿ ಹೋಗಿರುತ್ತೆ. ಇದು ಆ ತಯಾರಿಯನ್ನೇ ಬಳಸ್ಕೊಳ್ಳುತ್ತೆ.

ಇಲ್ಲಿ ಮೂರು ಹೆಜ್ಜೆ ಇದೆ.

1. ಡೀಬಗ್ ಕರ್ನಲ್ ಆನ್ ಮಾಡಿ, ಆಮೇಲೆ ಡೀಬಗ್ ಎಲ್‌ಎಲ್ ಆನ್ ಮಾಡಿ. ಆಗ ಕೆಳಗೆ "ಯಾವ ಪೋರ್ಟ್" ಅಂತ ಉದ್ದ ಪಟ್ಟಿ ಬರುತ್ತೆ. ಅದರಲ್ಲಿ ನಿಮ್ಮ ಚಿಪ್‌ನ ಯುಆರ್ಟ್ ಆರಿಸಿ.

2. "ಅರ್ಲಿ ಪ್ರಿಂಟ್‌ಕೆ" ಆನ್ ಮಾಡಿ. ಆರ್ಮ್‌ನಲ್ಲಿ ಇದು ಡೀಬಗ್ ಎಲ್‌ಎಲ್ ಇದ್ರೆ ಮಾತ್ರ ಕಾಣುತ್ತೆ. ಇದರ ಕೆಲಸ, ಮಾಮೂಲಿ ಪ್ರಿಂಟ್‌ಕೆ ಸಂದೇಶಗಳನ್ನ ಆ ಸಣ್ಣ ಕೋಡ್‌ನ ಮೂಲಕ ಹೊರಗೆ ಕಳಿಸೋದು.

3. ಯು-ಬೂಟ್ ಕರ್ನಲ್‌ಗೆ ಕೊಡೋ ಬೂಟ್ ಆರ್ಗ್ಯುಮೆಂಟ್‌ಗಳಲ್ಲಿ "ಅರ್ಲಿಪ್ರಿಂಟ್‌ಕೆ" ಅನ್ನೋ ಪದ ಸೇರಿಸಿ. ತುಂಬಾ ಜನ ಇದನ್ನ ಮರೀತಾರೆ. ಕಂಪೈಲ್ ಮಾಡಿದ್ರೆ ಸಾಲದು, ಕರೀಬೇಕು.

ಇದರ ಜೊತೆ "ಡೀಬಗ್ ಅನ್‌ಕಂಪ್ರೆಸ್" ಕೂಡ ಆನ್ ಮಾಡ್ಬಹುದು. ಆಗ ಕರ್ನಲ್ ತನ್ನನ್ನ ತಾನು ಬಿಚ್ಚಿಕೊಳ್ಳೋ ಹಂತದ ಸಂದೇಶವೂ ಬರುತ್ತೆ. "ಡನ್, ಬೂಟಿಂಗ್ ದ ಕರ್ನಲ್" ಅನ್ನೋ ಸಾಲು ಬಂದ್ರೆ, ಇಮೇಜ್ ಸರಿಯಾಗಿ ಬಿಚ್ಚಿದೆ, ತೊಂದರೆ ಮುಂದೆಲ್ಲೋ ಇದೆ ಅಂತ ಅರ್ಥ.

ಈಗ ನಾವು ಬಿದ್ದ ಗುಂಡಿ. ಬೋರ್ಡ್‌ನ ಸರ್ಕ್ಯೂಟ್ ಚಿತ್ರದಲ್ಲಿ ಸೀರಿಯಲ್ ಹೆಡರ್ ಪಕ್ಕ ಯುಆರ್ಟ್ 0 ಅಂತ ಇದೆ. ಮೆನುವಿನಲ್ಲಿ 0 ಅಂತ ಇರೋದು ನಮಗೆ ಸಿಗಲಿಲ್ಲ. ಸರಿ, ಓಮ್ಯಾಪ್ ಯುಆರ್ಟ್ 1 ಅಂತ ಕಂಡಿದ್ದನ್ನ ಆರಿಸಿದ್ವಿ. ಮತ್ತೆ ಮೌನ. ನಿಜವಾಗಿ ಬೇಕಾಗಿದ್ದದ್ದು "ಎಎಂ33ಎಕ್ಸ್‌ಎಕ್ಸ್ ಯುಆರ್ಟ್ 1". ಆ ಪಟ್ಟಿಯಲ್ಲಿ ಎಣಿಕೆ 1ರಿಂದ ಶುರು, ಚಿಪ್‌ನ ದಾಖಲೆಯಲ್ಲಿ 0ಯಿಂದ ಶುರು. ಅದೇ ಪೋರ್ಟ್, ಎರಡು ಹೆಸರು.

ಹೆಸರು ನಂಬಬೇಡಿ, ವಿಳಾಸ ನೋಡಿ. ಡೀಬಗ್ ಯುಆರ್ಟ್ ಫಿಸ್ ಅನ್ನೋ ಆಯ್ಕೆಯಲ್ಲಿ ಫಿಸಿಕಲ್ ವಿಳಾಸ ಇರುತ್ತೆ. ನಮ್ಮ ಚಿಪ್‌ನ ಯುಆರ್ಟ್ 0 ಇರೋದು ಹೆಕ್ಸ್‌ನಲ್ಲಿ 44ಇ09000. ಡೇಟಾಶೀಟ್‌ನ ಮೆಮೊರಿ ಮ್ಯಾಪ್‌ನಲ್ಲಿರೋ ಸಂಖ್ಯೆಗೂ ಇದಕ್ಕೂ ತಾಳೆ ಆದ್ರೆ ನೀವು ಆರಿಸಿದ್ದು ಸರಿ. ಪಕ್ಕದಲ್ಲಿ ವರ್ಚುವಲ್ ವಿಳಾಸವೂ ಇರುತ್ತೆ. ಎಂಎಂಯು ಆನ್ ಆಗೋ ಮೊದಲು ಫಿಸಿಕಲ್ ವಿಳಾಸ, ಆದ್ಮೇಲೆ ವರ್ಚುವಲ್ ವಿಳಾಸ ಬೇಕಾಗೋದ್ರಿಂದ ಎರಡೂ ಕೊಡಬೇಕು.

ತಪ್ಪು ವಿಳಾಸ ಕೊಟ್ರೆ ಬರೀ ಮೌನ ಅಲ್ಲ, ಚೆನ್ನಾಗಿ ಓಡಬಹುದಾಗಿದ್ದ ಕರ್ನಲ್ ಕೂಡ ಅಲ್ಲೇ ಸಾಯಬಹುದು. ಡೀಬಗ್ ಎಲ್‌ಎಲ್ ಆನ್ ಇರೋ ಕರ್ನಲ್ ಒಂದೇ ಯುಆರ್ಟ್‌ಗೆ ಕಟ್ಟಿಹಾಕಿದ ಕರ್ನಲ್. ಬೇರೆ ಬೋರ್ಡ್‌ನಲ್ಲಿ ಬೂಟ್ ಆಗಲ್ಲ ಅಂತ ಅದರ ಸಹಾಯ ಪಠ್ಯದಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ನಾವು ಓದಿರಲಿಲ್ಲ. ಕೆಲಸ ಮುಗಿದ ಮೇಲೆ ಇದನ್ನ ಆಫ್ ಮಾಡಲೇಬೇಕು.

ನಮ್ಮ ತಪ್ಪು ಸಿಕ್ಕಿದ್ದು

ಶನಿವಾರ ಬೆಳಗಿನ ಜಾವ ಸರಿಯಾದ ಪೋರ್ಟ್ ಹಾಕಿ ಬೂಟ್ ಮಾಡಿದ್ವಿ. ಸಾಲು ಸಾಲಾಗಿ ಬರೋಕೆ ಶುರು ಆಯ್ತು. ಮೆಮೊರಿ, ಇಂಟರಪ್ಟ್, ಕ್ಲಾಕ್, ಎಲ್ಲ ಸರಿ ಇತ್ತು. ಕೊನೆಗೆ ಒಂದು ಸಾಲಲ್ಲಿ ನಿಂತ್ಕೊಳ್ತು: "ವೇಟಿಂಗ್ ಫಾರ್ ರೂಟ್ ಡಿವೈಸ್".

ಅಂದ್ರೆ ಬೋರ್ಡ್ ಸತ್ತಿರಲಿಲ್ಲ. ಬುಧವಾರ ರಾತ್ರಿಯಿಂದ ಪವರ್ ಕೊಟ್ಟಾಗಲೆಲ್ಲ ಪೂರ್ತಿ ಎದ್ದು, ಎಸ್‌ಡಿ ಕಾರ್ಡ್‌ಗೋಸ್ಕರ ಕಾಯ್ತಾ ಕೂತಿತ್ತು. ನಾವು ಹೊಸ ಬೋರ್ಡ್ ರೇಟ್ ನೋಡ್ತಿದ್ವಿ.

ಆಗಿದ್ದು ಇಷ್ಟು. ನಾವು ಎಂಎಂಸಿ ಡ್ರೈವರ್‌ಗೂ ಎಂ ಒತ್ತಿದ್ವಿ. ಅದು ಮಾಡ್ಯೂಲ್ ಆಗಿ ಎಸ್‌ಡಿ ಕಾರ್ಡ್ ಒಳಗೇ ಕೂತಿದೆ. ಎಸ್‌ಡಿ ಕಾರ್ಡ್ ಓದೋಕೆ ಆ ಡ್ರೈವರ್ ಬೇಕು, ಆ ಡ್ರೈವರ್ ಸಿಗೋಕೆ ಎಸ್‌ಡಿ ಕಾರ್ಡ್ ಓದ್ಬೇಕು. ಕೀಲಿಕೈ ಒಳಗಿಟ್ಟು ಬಾಗಿಲು ಹಾಕ್ಕೊಂಡ ಹಾಗೆ. ಇನಿಟ್‌ರ‍್ಯಾಮ್‌ಎಫ್‌ಎಸ್ ಇದ್ದಿದ್ರೆ ಮಾಡ್ಯೂಲನ್ನ ಅದರಲ್ಲಿ ಇಡಬಹುದಿತ್ತು, ನಮ್ಮಲ್ಲಿ ಅದೂ ಇರಲಿಲ್ಲ. ಬೂಟ್ ಆರ್ಗ್ಯುಮೆಂಟ್‌ನಲ್ಲಿ ರೂಟ್‌ವೇಟ್ ಅಂತ ಇದ್ದಿದ್ರಿಂದ ಪ್ಯಾನಿಕ್ ಕೂಡ ಆಗ್ದೆ ಸುಮ್ಮನೆ ಕಾಯ್ತಿತ್ತು.

ಹಾಗಾದ್ರೆ ಮಾಮೂಲಿ ಕನ್ಸೋಲ್ ಯಾಕೆ ಬರಲಿಲ್ಲ? 8250 ಸೀರಿಯಲ್ ಡ್ರೈವರ್‌ಗೂ ಎಂ ಒತ್ತಿದ್ವಿ. "8250 ಕನ್ಸೋಲ್" ಅನ್ನೋ ಆಯ್ಕೆ ಕಾಣಿಸ್ಬೇಕಾದ್ರೆ ಆ ಡ್ರೈವರ್ ವೈ ಇರಲೇಬೇಕು. ಎಂ ಆದ ತಕ್ಷಣ ಕನ್ಸೋಲ್ ಆಯ್ಕೆಯೇ ಮೆನುವಿನಿಂದ ಮಾಯ. ಎಲ್‌ಇಡಿ ಡ್ರೈವರ್‌ಗೂ ಅದೇ ಗತಿ, ಅದಕ್ಕೇ ನೀಲಿ ದೀಪ ಮಿನುಗಲಿಲ್ಲ. ಮೂರಕ್ಕೂ ವೈ ಹಾಕಿದ್ವಿ, ಬೂಟ್ ಆಯ್ತು. ಜಂಪರ್ ವೈರ್ ಚುಚ್ಚಿದವನದು ಏನೂ ತಪ್ಪಿರಲಿಲ್ಲ. ಎಂ ಒತ್ತಿದ್ದು ಉಳಿದ ಮೂವರು. ಅವನಿಗೆ ಸಾರಿ ಕೇಳಿದ್ವಿ. ಇಲ್ಲಿ ಇನ್ನೊಂದ್ಸಲ ಕೇಳ್ತಿದ್ದೀವಿ.

ಇನ್ನೊಂದು ಸಣ್ಣ ಎಚ್ಚರಿಕೆ: ಇದೇ ಚಿಪ್‌ನ ಹಳೇ ಡ್ರೈವರ್‌ನಲ್ಲಿ ಸೀರಿಯಲ್ ಪೋರ್ಟ್‌ನ ಹೆಸರು ಟಿಟಿವೈ ಓ 0. ಇದರಲ್ಲಿ ಮೊದಲನೆಯದು ಓ ಅಕ್ಷರ, ಎರಡನೆಯದು ಸೊನ್ನೆ. 8250 ಡ್ರೈವರ್‌ನಲ್ಲಿ ಅದೇ ಪೋರ್ಟ್ ಟಿಟಿವೈ ಎಸ್ 0. ಬೂಟ್ ಆರ್ಗ್ಯುಮೆಂಟ್‌ನಲ್ಲಿ ತಪ್ಪು ಹೆಸರಿದ್ರೂ ಇದೇ ಥರ ಮೌನ ಬರಬಹುದು.

ಅರ್ಲಿಕಾನ್ ಮತ್ತು ಕೊನೆಯ ಉಪಾಯ

ಡೀಬಗ್ ಎಲ್‌ಎಲ್ 32 ಬಿಟ್ ಆರ್ಮ್‌ನ ಹಳೇ ದಾರಿ. ಹೊಸ ದಾರಿ "ಅರ್ಲಿಕಾನ್". ಇದಕ್ಕೆ ವಿಳಾಸ ಕಂಪೈಲ್ ಮಾಡುವಾಗ ಬೇಡ. ಡಿವೈಸ್ ಟ್ರೀಯಲ್ಲಿ ಎಸ್‌ಟಿಡಿಔಟ್ ಪಾತ್ ಬರೆದಿದ್ರೆ, ಬೂಟ್ ಆರ್ಗ್ಯುಮೆಂಟ್‌ನಲ್ಲಿ "ಅರ್ಲಿಕಾನ್" ಅಂದ್ರೆ ಸಾಕು, ಅದೇ ಹುಡುಕ್ಕೊಳ್ಳುತ್ತೆ. ಒಂದೇ ಕರ್ನಲ್ ಬೇರೆ ಬೇರೆ ಬೋರ್ಡ್‌ನಲ್ಲೂ ಓಡುತ್ತೆ. 64 ಬಿಟ್ ಆರ್ಮ್‌ನಲ್ಲಿ ಡೀಬಗ್ ಎಲ್‌ಎಲ್ ಇಲ್ಲವೇ ಇಲ್ಲ, ಅರ್ಲಿಕಾನ್‌ ಬಳಸ್ಬೇಕು. ಆದ್ರೆ ಇದು ಸ್ವಲ್ಪ ತಡವಾಗಿ ಏಳುತ್ತೆ. ಡಿವೈಸ್ ಟ್ರೀ ಓದೋ ಮೊದಲೇ ಕರ್ನಲ್ ಬಿದ್ರೆ ಇದು ಸಹಾಯ ಮಾಡಲ್ಲ. ಹಾಗಾಗಿ ಮೊದಲು ಅರ್ಲಿಕಾನ್ ಪ್ರಯತ್ನಿಸಿ, ಆಗದಿದ್ರೆ ಡೀಬಗ್ ಎಲ್‌ಎಲ್.

ಎರಡೂ ಆಗದಿದ್ರೆ? ಲಾಗ್ ಬಫರ್ ರ‍್ಯಾಮ್‌ನಲ್ಲಿದೆ ಅಂತ ಹೇಳಿದ್ವಲ್ಲ. ಪವರ್ ತೆಗೀಬೇಡಿ, ರೀಸೆಟ್ ಬಟನ್ ಒತ್ತಿ ಯು-ಬೂಟ್‌ನಲ್ಲಿ ನಿಲ್ಲಿಸಿ. ಸಿಸ್ಟಮ್ ಮ್ಯಾಪ್ ಫೈಲ್‌ನಲ್ಲಿ ಲಾಗ್ ಬಫ್ ಅನ್ನೋ ಹೆಸರಿನ ವಿಳಾಸ ಹುಡುಕಿ. ನಮ್ಮ ಬೋರ್ಡ್‌ನಲ್ಲಿ ಕರ್ನಲ್‌ನ ವರ್ಚುವಲ್ ವಿಳಾಸ ಹೆಕ್ಸ್ ಸಿ0000000ಯಿಂದ, ರ‍್ಯಾಮ್ ಹೆಕ್ಸ್ 80000000ಯಿಂದ ಶುರು. ಹಾಗಾಗಿ ಹೆಕ್ಸ್ 40000000 ಕಳೆದು, ಆ ಜಾಗವನ್ನ ಯು-ಬೂಟ್‌ನ ಮೆಮೊರಿ ತೋರಿಸೋ ಕಮಾಂಡ್ ಎಂಡಿಯಿಂದ ನೋಡಿ. ರೀಸೆಟ್ ಆದ್ರೂ ರ‍್ಯಾಮ್‌ನಲ್ಲಿರೋದು ಎಷ್ಟೋ ಸಲ ಉಳಿದಿರುತ್ತೆ. ಗ್ಯಾರಂಟಿ ಇಲ್ಲ, ಆದ್ರೆ ಖರ್ಚೂ ಇಲ್ಲ.

ಊಪ್ಸ್ ಬಂದಾಗ ಓದೋದು ಹೇಗೆ

ಬೂಟ್ ಆದ್ಮೇಲೆ ನಮ್ಮ ಡ್ರೈವರ್ ಲೋಡ್ ಮಾಡಿದ್ವಿ, ನಲ್ ಪಾಯಿಂಟರ್ ಊಪ್ಸ್ ಬಂತು. ಅದರಲ್ಲಿ "ಪಿಸಿ ಈಸ್ ಅಟ್" ಅಂತ ಒಂದು ಸಾಲು, ಪಕ್ಕದಲ್ಲಿ ಫಂಕ್ಷನ್ ಹೆಸರು, ಕೂಡಿಸೋ ಚಿಹ್ನೆ, ಒಂದು ಹೆಕ್ಸ್ ಸಂಖ್ಯೆ, ಓರೆಗೆರೆ, ಇನ್ನೊಂದು ಹೆಕ್ಸ್ ಸಂಖ್ಯೆ. ಮೊದಲ ಸಂಖ್ಯೆ ಫಂಕ್ಷನ್ ಶುರುವಿನಿಂದ ಎಷ್ಟು ಬೈಟ್ ಒಳಗೆ ಬಿದ್ದಿದೆ ಅಂತ, ಎರಡನೆಯದು ಫಂಕ್ಷನ್‌ನ ಒಟ್ಟು ಉದ್ದ. ಇದನ್ನ ಉಪಯೋಗಿಸ್ಬೇಕಾದ್ರೆ ಮೂರು ಆಯ್ಕೆ ಬೇಕು.

"ಕಾಲ್‌ಸಿಮ್ಸ್" ಇದ್ರೆ ವಿಳಾಸದ ಬದಲು ಫಂಕ್ಷನ್ ಹೆಸರು ಬರುತ್ತೆ. ಇಲ್ಲದಿದ್ರೆ ಬರೀ ಸಂಖ್ಯೆಗಳು.

"ಡೀಬಗ್ ಇನ್ಫೋ" ಇದ್ರೆ ವಿಎಂಲಿನಕ್ಸ್ ಫೈಲ್‌ನಲ್ಲಿ ಸಾಲಿನ ಸಂಖ್ಯೆಗಳು ಸೇರುತ್ತೆ. 5.18ರಿಂದ ಇದು ಒಂದೇ ಟಿಕ್ ಅಲ್ಲ, ಡ್ವಾರ್ಫ್‌ನ ಯಾವ ಆವೃತ್ತಿ ಅಂತ ಆರಿಸೋ ಪಟ್ಟಿ. ಜಿಡಿಬಿಯಲ್ಲಿ ಮಾಡ್ಯೂಲ್ ಫೈಲ್ ತೆರೆದು ಲಿಸ್ಟ್ ಕಮಾಂಡ್‌ಗೆ ಆ ಫಂಕ್ಷನ್ ಮತ್ತು ಆಫ್‌ಸೆಟ್ ಕೊಟ್ರೆ ನೇರ ಸಿ ಕೋಡ್‌ನ ಸಾಲು ತೋರಿಸುತ್ತೆ. ಹೆದರಬೇಡಿ, ವಿಎಂಲಿನಕ್ಸ್ ದೊಡ್ಡದಾದ್ರೂ ಬೋರ್ಡ್‌ಗೆ ಹೋಗೋ ಜಡ್‌ಇಮೇಜ್‌ನಲ್ಲಿ ಈ ಮಾಹಿತಿ ಇರಲ್ಲ. ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತೆ.

ಮೂರನೆಯದು ಅನ್‌ವೈಂಡರ್. ಯಾರು ಯಾರನ್ನ ಕರೆದ್ರು ಅನ್ನೋ ಸರಣಿ ಸರಿಯಾಗಿ ಬರೋಕೆ ಇದು ಬೇಕು. 32 ಬಿಟ್ ಆರ್ಮ್‌ನಲ್ಲಿ ಎರಡು ದಾರಿ: ಫ್ರೇಮ್ ಪಾಯಿಂಟರ್, ಇಲ್ಲಾ ಆರ್ಮ್‌ನ ಅನ್‌ವೈಂಡ್ ಟೇಬಲ್. ಮೊದಲನೆಯದು ಪ್ರತಿ ಫಂಕ್ಷನ್‌ಗೂ ಸ್ವಲ್ಪ ಹೆಚ್ಚು ಕೋಡ್ ಸೇರಿಸುತ್ತೆ, ಎರಡನೆಯದು ಟೇಬಲ್‌ಗೆ ಜಾಗ ತಗೊಳ್ಳುತ್ತೆ. ಯಾವುದಾದ್ರೂ ಒಂದು ಇರಲಿ.

ಅವಿತಿರೋ ಬಗ್‌ಗಳು

ಕೆಲವು ತಪ್ಪುಗಳು ಊಪ್ಸ್ ಕೊಡಲ್ಲ. ನಮ್ಮ ಡ್ರೈವರ್‌ನಲ್ಲೇ ಒಂದಿತ್ತು. ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಕೆ-ಮ್ಯಾಲಾಕ್ ಮಾಡಿ, ಜಿಎಫ್‌ಪಿ ಕರ್ನಲ್ ಅಂತ ಫ್ಲ್ಯಾಗ್ ಕೊಟ್ಟಿದ್ವಿ. ಮೆಮೊರಿ ಸಾಲದಿದ್ರೆ ಅದು ನಿದ್ದೆ ಮಾಡಬಹುದು, ಇಂಟರಪ್ಟ್ ಒಳಗೆ ನಿದ್ದೆ ಮಾಡಂಗಿಲ್ಲ. ಆದ್ರೆ ನಮ್ಮ ಬೋರ್ಡ್‌ನಲ್ಲಿ ಮೆಮೊರಿ ಬೇಕಾದಷ್ಟಿತ್ತು, ಹಾಗಾಗಿ ನಿದ್ದೆ ಮಾಡೋ ಪ್ರಸಂಗವೇ ಬರಲಿಲ್ಲ. ಎಷ್ಟು ಸಲ ಬಟನ್ ಒತ್ತಿದ್ರೂ ಸರಿ.

"ಡೀಬಗ್ ಅಟಾಮಿಕ್ ಸ್ಲೀಪ್" ಆನ್ ಮಾಡಿ ಮೊದಲ ಸಲ ಬಟನ್ ಒತ್ತಿದ ತಕ್ಷಣ "ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್" ಅಂತ ಬೈಗುಳ ಬಂತು. ನಿಜವಾಗಿ ನಿದ್ದೆ ಮಾಡ್ತಾ ಅಂತ ಅದು ನೋಡಲ್ಲ, ನಿದ್ದೆ ಮಾಡೋ ಸಾಧ್ಯತೆ ಇದ್ರೇ ಹಿಡಿಯುತ್ತೆ. ಫ್ಲ್ಯಾಗನ್ನ ಜಿಎಫ್‌ಪಿ ಅಟಾಮಿಕ್ ಮಾಡಿದ್ವಿ. ಇದೊಂದು ಆಯ್ಕೆ ಇಲ್ಲದಿದ್ರೆ ಆ ಬಗ್ ರಿವ್ಯೂ ದಿನದ ಡೆಮೋಗೇ ಕಾಯ್ತಾ ಇರ್ತಿತ್ತೇನೋ.

ಇದೇ ಜಾತಿಯ ಇನ್ನೂ ಕೆಲವು:

"ಪ್ರೂವ್ ಲಾಕಿಂಗ್": ಲಾಕ್‌ಗಳನ್ನ ಯಾವ ಕ್ರಮದಲ್ಲಿ ತಗೊಳ್ತೀರಿ ಅಂತ ಗಮನಿಸಿ, ಡೆಡ್‌ಲಾಕ್ ಆಗೋ ಮೊದಲೇ ಎಚ್ಚರಿಸುತ್ತೆ. ನಮ್ಮ ಥರ ಒಂದೇ ಕೋರ್ ಇರೋ ಬೋರ್ಡ್‌ನಲ್ಲಿ ಎಷ್ಟೋ ಲಾಕ್ ತಪ್ಪುಗಳು ತಾವಾಗಿ ಕಾಣಿಸಲ್ಲ, ಅದಕ್ಕೇ ಇದು ಇಲ್ಲಿ ಇನ್ನೂ ಉಪಯೋಗ.

"ಸ್ಲಬ್ ಡೀಬಗ್ ಆನ್": ಫ್ರೀ ಮಾಡಿದ ಮೆಮೊರಿಯನ್ನ ಹೆಕ್ಸ್ 6ಬಿ ಅನ್ನೋ ಬೈಟ್‌ನಿಂದ ತುಂಬುತ್ತೆ. ಊಪ್ಸ್‌ನಲ್ಲಿ 6ಬಿ6ಬಿ6ಬಿ6ಬಿ ಥರ ವಿಳಾಸ ಕಂಡ್ರೆ, ಫ್ರೀ ಮಾಡಿದ ಮೇಲೂ ಯಾರೋ ಆ ಮೆಮೊರಿ ಮುಟ್ಟಿದ್ದಾರೆ ಅಂತ ತಿಳ್ಕೊಳ್ಳಿ.

"ಕೆ-ಏಸನ್": ಅರೇ ದಾಟಿ ಬರೆದ್ರೆ, ಫ್ರೀ ಆದದ್ದನ್ನ ಬಳಸಿದ್ರೆ ಅದೇ ಜಾಗದಲ್ಲಿ ಹಿಡಿಯುತ್ತೆ. 32 ಬಿಟ್ ಆರ್ಮ್‌ಗೆ ಇದು ಬಂದಿದ್ದು 5.11ರಲ್ಲಿ. ಪ್ರತಿ 8 ಬೈಟ್‌ಗೆ 1 ಬೈಟ್ ಲೆಕ್ಕ ಇಡೋಕೆ ಬೇಕು, ವೇಗವೂ ಚೆನ್ನಾಗಿ ಕುಗ್ಗುತ್ತೆ.

"ಡಿಟೆಕ್ಟ್ ಹಂಗ್ ಟಾಸ್ಕ್": ಯಾವುದಾದ್ರೂ ಟಾಸ್ಕ್ ಎಬ್ಬಿಸೋಕಾಗದ ನಿದ್ದೆಯಲ್ಲಿ 120 ಸೆಕೆಂಡ್‌ಗಿಂತ ಹೆಚ್ಚು ಸಿಕ್ಕಿಕೊಂಡ್ರೆ ಅದರ ಸ್ಟ್ಯಾಕ್ ತೋರಿಸುತ್ತೆ. 120 ಅನ್ನೋದು ಮಾಮೂಲಿ ಬೆಲೆ, ಬದಲಿಸಬಹುದು.

ಹ್ಯಾಂಗ್ ಆದಾಗ ಕೈಯಲ್ಲಿರ್ಬೇಕಾದ್ದು

"ಮ್ಯಾಜಿಕ್ ಸಿಸ್‌ಆರ್‌ಕ್ಯೂ" ಆನ್ ಇರಲಿ. ಶೆಲ್ ಉತ್ತರ ಕೊಡ್ದೆ ನಿಂತಾಗ ಸೀರಿಯಲ್‌ನಲ್ಲಿ ಬ್ರೇಕ್ ಕಳಿಸಿ, 5 ಸೆಕೆಂಡ್ ಒಳಗೆ ಒಂದು ಅಕ್ಷರ ಒತ್ತಬೇಕು. ಮಿನಿಕಾಮ್‌ನಲ್ಲಿ ಕಂಟ್ರೋಲ್ ಎ ಒತ್ತಿ ಆಮೇಲೆ ಎಫ್ ಒತ್ತಿದ್ರೆ ಬ್ರೇಕ್ ಹೋಗುತ್ತೆ. ಟಿ ಒತ್ತಿದ್ರೆ ಎಲ್ಲ ಟಾಸ್ಕ್‌ಗಳ ಪಟ್ಟಿ, ಡಬ್ಲ್ಯೂ ಒತ್ತಿದ್ರೆ ಸಿಕ್ಕಿಕೊಂಡವು ಮಾತ್ರ, ಎಸ್ ಒತ್ತಿದ್ರೆ ಡಿಸ್ಕ್ ಸಿಂಕ್, ಬಿ ಒತ್ತಿದ್ರೆ ರೀಬೂಟ್. ಪ್ಲಗ್ ಕಿತ್ತು ಎಸ್‌ಡಿ ಕಾರ್ಡ್ ಹಾಳು ಮಾಡೋದಕ್ಕಿಂತ ಎಸ್ ಆಮೇಲೆ ಬಿ ಒತ್ತೋದು ಎಷ್ಟೋ ವಾಸಿ.

"ಡೀಬಗ್ ಯೂಸರ್" ಆರ್ಮ್‌ಗೆ ಸೇರಿದ ಆಯ್ಕೆ. ನಿಮ್ಮ ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್‌ನಲ್ಲಿ ಬಿದ್ದಾಗ ಕರ್ನಲ್ ಅದರ ರಿಜಿಸ್ಟರ್‌ಗಳನ್ನ ಲಾಗ್‌ಗೆ ಹಾಕುತ್ತೆ. ಬೂಟ್ ಆರ್ಗ್ಯುಮೆಂಟ್‌ನಲ್ಲಿ ಯೂಸರ್ ಡೀಬಗ್‌ಗೆ 31 ಕೊಟ್ರೆ ಎಲ್ಲ ಬಗೆಯವೂ ಬರುತ್ತೆ, 8 ಕೊಟ್ರೆ ಸೆಗ್ಮೆಂಟೇಶನ್ ಫಾಲ್ಟ್ ಮಾತ್ರ. ಬೋರ್ಡ್‌ನಲ್ಲಿ ಜಿಡಿಬಿ ಇಲ್ಲದಾಗ ಇದು ದೊಡ್ಡ ಸಹಾಯ.

"ಕೆಜಿಡಿಬಿ" ಅಂದ್ರೆ ಲ್ಯಾಪ್‌ಟಾಪ್‌ನ ಜಿಡಿಬಿಯಿಂದ ಸೀರಿಯಲ್ ಮೂಲಕ ಓಡ್ತಿರೋ ಕರ್ನಲನ್ನೇ ನಿಲ್ಲಿಸಿ ನೋಡೋದು. 2008ರಲ್ಲಿ, 2.6.26 ಆವೃತ್ತಿಯಲ್ಲಿ ಇದು ಮುಖ್ಯ ಕರ್ನಲ್‌ಗೆ ಸೇರ್ತು. ಇದಕ್ಕೂ ಸೀರಿಯಲ್ ಡ್ರೈವರ್ ಎದ್ದಿರಬೇಕು, ಹಾಗಾಗಿ ನಮ್ಮ ಬುಧವಾರದ ಸಮಸ್ಯೆಗೆ ಇದು ಉತ್ತರ ಆಗ್ತಿರಲಿಲ್ಲ. ಯಾವ ಹಂತದಲ್ಲಿ ಬಿದ್ದಿದೆ ಅಂತ ನೋಡಿ ಆಯ್ಕೆ ಮಾಡಿ.

ಎಲ್ಲಾ ಆನ್ ಮಾಡಿಬಿಟ್ರೆ ಆಗಲ್ವಾ?

ಆಗಲ್ಲ. ಪ್ರತಿ ಆಯ್ಕೆಗೂ ಬೆಲೆ ಇದೆ: ಮೆಮೊರಿ, ವೇಗ, ಇಲ್ಲಾ ಎರಡೂ. ಪ್ರೂವ್ ಲಾಕಿಂಗ್, ಕೆ-ಏಸನ್ ಎರಡೂ ಆನ್ ಇದ್ರೆ ಟೈಮಿಂಗ್ ಬದಲಾಗಿ, ನೀವು ಹುಡುಕ್ತಿರೋ ಬಗ್ಗೇ ಮರೆಯಾಗಬಹುದು. ನಾವೀಗ ಎರಡು ಕಾನ್ಫಿಗ್ ಫೈಲ್ ಇಟ್ಕೊಂಡಿದ್ದೀವಿ, ಒಂದು ಕಲಿಯೋಕೆ, ಒಂದು ಡೆಮೋಗೆ. ಡೆಮೋ ಫೈಲ್‌ನಲ್ಲಿ ಕಾಲ್‌ಸಿಮ್ಸ್, ಸಿಸ್‌ಆರ್‌ಕ್ಯೂ, ಹಂಗ್ ಟಾಸ್ಕ್ ಮಾತ್ರ. ಡೀಬಗ್ ಎಲ್‌ಎಲ್ ಖಂಡಿತ ಇಲ್ಲ.

ಕೊನೆಗೆ, ಬೋರ್ಡ್ ಮೌನವಾದ್ರೆ ದುಡ್ಡು ಸೇರಿಸೋ ಮೊದಲು ಇಷ್ಟು ನೋಡಿ:

1. ಹೊಸ ಇಮೇಜ್ ಹಾಕುವಾಗ ಹಳೇದನ್ನ ಬೇರೆ ಹೆಸರಲ್ಲಿ ಉಳಿಸಿ. ಮೌನ ಬಂದ್ರೆ ಮೊದಲು ಅದನ್ನ ಬೂಟ್ ಮಾಡಿ.

2. ಕೇಬಲ್ 3.3 ವೋಲ್ಟ್‌ನದಾ ನೋಡಿ. ಎಸ್‌ಪಿ ರೋಡ್‌ನಲ್ಲಿ 5 ವೋಲ್ಟ್‌ನದೂ ನೋಡೋಕೆ ಹಾಗೇ ಇರುತ್ತೆ, ಅದನ್ನ ಹಾಕಿದ್ರೆ ಬೋರ್ಡ್ ನಿಜವಾಗಿ ಹೋಗಬಹುದು. ಸ್ಪೀಡ್ 115200.

3. "ಲೋಕಲ್ ವರ್ಷನ್" ಆಯ್ಕೆಯಲ್ಲಿ ಪ್ರತಿ ಬಿಲ್ಡ್‌ಗೂ ಒಂದು ಬಾಲ ಸೇರಿಸಿ. ಹೊಸ ಕರ್ನಲ್ ಓಡ್ತಿದೆಯಾ ಹಳೇದಾ ಅಂತ ಗೊಂದಲ ಇರಲ್ಲ.

4. ಸೀರಿಯಲ್ ಡ್ರೈವರ್, ಅದರ ಕನ್ಸೋಲ್, ಎಂಎಂಸಿ, ರೂಟ್ ಫೈಲ್‌ಸಿಸ್ಟಮ್ ಇವೆಲ್ಲ ವೈ ಇವೆಯಾ ಗ್ರೆಪ್ ಮಾಡಿ.

5. ಕನ್ಸೋಲ್‌ನ ಹೆಸರು, ಡಿವೈಸ್ ಟ್ರೀ ಫೈಲ್ ಸರಿ ಇವೆಯಾ ನೋಡಿ.

6. ಅರ್ಲಿಕಾನ್, ಆಮೇಲೆ ಡೀಬಗ್ ಎಲ್‌ಎಲ್, ಆಮೇಲೆ ಲಾಗ್ ಬಫರ್.

ಭಾನುವಾರ ಸಂಜೆ ಬೋರ್ಡ್ ವಾಪಸ್ ಕೊಟ್ವಿ. ಅಕ್ಕ ಪವರ್ ಕೊಟ್ಟು, ನೀಲಿ ದೀಪ ಮಿನುಗೋದು ನೋಡಿ, "ಏನಾಗಿತ್ತು?" ಅಂದ್ರು. "ಎಂ ಒತ್ತಿದ್ವಿ ಅಕ್ಕ" ಅಂದ್ವಿ. "ನಾನೂ ಎರಡನೇ ವರ್ಷದಲ್ಲಿ ಅದನ್ನೇ ಮಾಡಿದ್ದೆ" ಅಂದು ಬ್ಯಾಗ್‌ಗೆ ಹಾಕ್ಕೊಂಡ್ರು. ಸೇರಿಸಿದ್ದ ದುಡ್ಡು ಮೆಸ್ ಬಿಲ್‌ಗೆ ಹೋಯ್ತು. ನಮ್ಮ ಎರಡೂ ಕಾನ್ಫಿಗ್ ಫೈಲ್ ಬೇಕಾದವರು ಕ್ಲಬ್ ರೂಮ್‌ಗೆ ಬನ್ನಿ, ಪೆನ್‌ಡ್ರೈವ್ ತನ್ನಿ.